ಬೆರಳುದ್ದದ ರಾವುತರು

1838ನೆಯ ಇಸವಿಯಲ್ಲಿ ಲಂಡನ್ ನಗರದ ಪಿಕಡಿಲಿ ಬೀದಿಯಲ್ಲಿದ್ದ ಈಜಿಪ್ಷಿಯನ್ ಹಾಲ್ ಎಂಬ ಪ್ರದರ್ಶನ ಮಂದಿರದಲ್ಲಿ ವಾಟರ್ಲೂ ರಣಭೂಮಿಯ ಒಂದು ಮಾದರಿಯನ್ನು ಜನರ ದರ್ಶನಕ್ಕೆ ಇಟ್ಟಿದ್ದರು. ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿಯು ಆ ಕದನದ ನೆಲದಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು ದಿಣ್ಣೆ ತಗ್ಗುಗಳನ್ನು ಅಳೆದು, ಅಲ್ಲಿ ಹೋರಾಡಿ ಬದುಕಿ ಬಂದ ಅಧಿಕಾರಿಗಳಿಗೆ ಪತ್ರ ಬರೆದು ಯಾವ ದಳ ಯಾವ ಹೊತ್ತಿನಲ್ಲಿ ಎಲ್ಲಿ ನಿಂತಿತ್ತೆಂಬುದನ್ನು ವಿಚಾರಿಸಿ, ಸುಮಾರು ಒಂದು ಸೆಂಟಿಮೀಟರ್ ಎತ್ತರದ ಎಪ್ಪತ್ತು ಸಾವಿರಕ್ಕೂ ಮಿಕ್ಕ ಲೋಹದ ಬೊಂಬೆಗಳನ್ನು ನಿಲ್ಲಿಸಿ ಅದನ್ನು ಸಿದ್ಧಪಡಿಸಿದ್ದನು. ಇಂದಿಗೂ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಣಬಹುದು. ನೆಪೋಲಿಯನ್ನನ ಕಾಲದ ಸೈನಿಕರ ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚುವ ಕಲೆಯಲ್ಲಿ ತೊಡಗಿದವರೆಲ್ಲರೂ, ತಿಳಿದೋ ತಿಳಿಯದೆಯೋ, ಈ ಶ್ರದ್ಧಾವಂತನ ಸಂತತಿಯವರು.

ಸೈಬೋರ್ನನ ಮಾದರಿ ನೋಡುವುದಕ್ಕಾಗಿ ಆದದ್ದು. ಮೇಜಿನ ಮೇಲೆ ಸೈನ್ಯವನ್ನು ನಡೆಸಿ ಆಡುವ ಪದ್ಧತಿಯಾದರೋ ಪ್ರಷ್ಯದ ಸೇನೆಯಿಂದ ಬಂದಿತು. ಅಲ್ಲಿ ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿ 1824ರಲ್ಲಿ ನಕ್ಷೆ, ದಾಳ ಮತ್ತು ಸಣ್ಣ ಕಾಯಿಗಳಿಂದ ಆಡುವ ಯುದ್ಧಾಭ್ಯಾಸದ ನಿಯಮಗಳನ್ನು ಪ್ರಕಟಿಸಿದನು. 1913ರಲ್ಲಿ ಎಚ್. ಜಿ. ವೆಲ್ಸ್ ತನ್ನ ‘ಲಿಟಲ್ ವಾರ್ಸ್’ ಪುಸ್ತಕದಿಂದ ಅದನ್ನು ಮನೆಯ ನೆಲಕ್ಕೆ, ಬೊಂಬೆ ಸಿಪಾಯಿಗಳ ನಡುವಿಗೆ ತಂದನು. ಇಂದಿನ ಆಟದಲ್ಲಿ ಒಂದು ಬೊಂಬೆ ಇಪ್ಪತ್ತು ಮೂವತ್ತು ಮಂದಿ ಯೋಧರಿಗೆ ಪ್ರತಿನಿಧಿ. ಟೇಪಿನಿಂದ ದೂರವನ್ನು ಅಳೆದು ನಡೆಸುತ್ತಾರೆ, ದಾಳದಿಂದ ಫಲವನ್ನು ನಿರ್ಣಯಿಸುತ್ತಾರೆ. ಕಾಲಾಳಿನ ಬೊಂಬೆ ಸಾಮಾನ್ಯವಾಗಿ 28 ಮಿಲಿಮೀಟರ್ ಎತ್ತರದ್ದು. 15 ಮತ್ತು 6 ಮಿಲಿಮೀಟರಿನವೂ ಉಂಟು.

ಕಾಲಾಳು, ಫಿರಂಗಿ, ರಾವುತ ಎಂಬ ಮೂರು ಅಂಗಗಳಲ್ಲಿ ಕುಂಚ ಹಿಡಿದವನಿಗೆ ಅತ್ಯಂತ ಪ್ರಿಯವಾದದ್ದೂ ಅತ್ಯಂತ ಕಠಿನವಾದದ್ದೂ ರಾವುತ ದಳವೇ. ವಸ್ತ್ರವರ್ಣಗಳ ಅಷ್ಟು ವೈಭವವನ್ನು ಯುದ್ಧರಂಗ ಹಿಂದೆಂದಾದರೂ ಕಂಡಿತ್ತೆ ಎಂಬುದು ಸಂದೇಹ. ಫ್ರಾನ್ಸಿನ ಹುಸಾರ್ ಎಂಬ ಲಘು ರಾವುತರಲ್ಲಿ ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ: ಎರಡನೆಯದಕ್ಕೆ ಕಂದು ಅಂಗಿ, ಐದನೆಯದಕ್ಕೆ ಆಕಾಶನೀಲಿ ಅಂಗಿ, ಎಡಹೆಗಲ ಮೇಲೆ ತೂಗುವ ತುಪ್ಪಳದಂಚಿನ ಮೇಲಂಗಿ ಮಾತ್ರ ಬಿಳಿ. ಎದೆಗೂ ಬೆನ್ನಿಗೂ ಉಕ್ಕಿನ ಕವಚ ತೊಟ್ಟ ಕ್ಯುರಾಸಿಯರ್ ಎಂಬ ಭಾರಿ ರಾವುತರೆಲ್ಲರದೂ ಕಡುನೀಲಿ ಅಂಗಿಯಾದರೂ, ಕಾಲರು ಮತ್ತು ತೋಳಿನ ತುದಿಗಳ ಬಣ್ಣ ರೆಜಿಮೆಂಟಿನ ಗುರುತಾಗಿತ್ತು. ಮೊದಲ ಮೂರಕ್ಕೆ ಕಡುಗೆಂಪು, ಮುಂದಿನ ಮೂರಕ್ಕೆ ಅರುಣೋದಯದ ಕಿತ್ತಳೆ, ಅನಂತರದ ಮೂರಕ್ಕೆ ಹಳದಿ, ಹತ್ತರಿಂದ ಹನ್ನೆರಡರವರೆಗೆ ಗುಲಾಬಿ. ಹೊಗೆ ತುಂಬಿದ ಬಯಲಿನಲ್ಲಿ ಸೇನಾನಿಯ ಕಣ್ಣಿಗೆ ತನ್ನವರು ಯಾರೆಂಬುದು ತಿಳಿಯಬೇಕಾಗಿದ್ದ ಕಾಲ ಅದು. ಇಂದು ಮೇಜಿನ ಬಳಿ ನಿಂತ ಆಟಗಾರನಿಗೂ ಆ ಬಣ್ಣದಿಂದಲೇ ದಳದ ಪರಿಚಯವಾಗುತ್ತದೆ. ಆದುದರಿಂದ ಚಿತ್ರಕಾರನು ಗ್ರಂಥಗಳನ್ನು ಶೋಧಿಸುತ್ತಾನೆ: ಜರ್ಮನಿಯ ರಿಚರ್ಡ್ ಕ್ನೋಟೆಲ್, ಫ್ರಾನ್ಸಿನ ಲೂಸಿಯನ್ ರೂಸೆಲೋ ಮೊದಲಾದವರು ಜೀವಮಾನವನ್ನೇ ತೇದು ರಚಿಸಿದ ಸಮವಸ್ತ್ರ ಚಿತ್ರಾವಳಿಗಳು ಅವನಿಗೆ ಪ್ರಮಾಣ.

ಇಷ್ಟಾದರೂ, ನನ್ನ ದೃಷ್ಟಿಯಲ್ಲಿ, ಬಣ್ಣಗಾರನ ನಿಜವಾದ ಪರೀಕ್ಷೆ ಸವಾರನಲ್ಲಿಲ್ಲ, ಕುದುರೆಯಲ್ಲಿದೆ. ಸಮವಸ್ತ್ರವನ್ನು ಪುಸ್ತಕ ನೋಡಿ ತಿದ್ದಬಹುದು. ಕುದುರೆಯನ್ನು ಕುದುರೆಯನ್ನೇ ನೋಡಿ ಕಲಿಯಬೇಕು. ಕೆಂಗಂದು ಮೈಯ ಕುದುರೆಗಳಲ್ಲಿ ಒಂದು ಜಾತಿಯದಕ್ಕೆ ಜೂಲು, ಬಾಲ, ಮೊಣಕಾಲಿನ ಕೆಳಗಿನ ಭಾಗ ಎಲ್ಲವೂ ಕಪ್ಪು. ಇನ್ನೊಂದು ಜಾತಿಯದಕ್ಕೆ ಜೂಲು ಬಾಲಗಳೂ ಮೈಬಣ್ಣದವೇ, ಇಲ್ಲವೆ ಇನ್ನೂ ತಿಳಿಯಾದವು. ಇವೆರಡನ್ನು ಬೆರೆಸಿದರೆ ಲೋಕದಲ್ಲಿಲ್ಲದ ಕುದುರೆ ಹುಟ್ಟುತ್ತದೆ. ಬಿಳಿಯ ಕುದುರೆಗೆ ಬಿಳಿ ಬಣ್ಣವನ್ನೇ ಬಳಿದರೆ ಅದು ಸುಣ್ಣದ ಗೋಡೆಯಂತೆ ನಿರ್ಜೀವವಾಗುವುದು. ಬೂದುಬಣ್ಣದಿಂದ ತೊಡಗಿ, ಮಾಂಸಖಂಡಗಳ ಉಬ್ಬಿನ ಮೇಲಷ್ಟೇ ಬಿಳುಪನ್ನು ಏರಿಸಿ, ಮೂತಿಯನ್ನು ಕಪ್ಪಾಗಿ ಬಿಡಬೇಕು. ಕರಿಯ ಕುದುರೆಯೂ ಶುದ್ಧ ಕಪ್ಪಲ್ಲ, ಅದರ ಮೈಯ ಹೊಳಪಿನಲ್ಲಿ ಕಂದೋ ನೀಲಿಯೋ ಸುಳಿಯುತ್ತದೆ. ಹಣೆಯ ಚುಕ್ಕೆ, ಮೂಗಿನವರೆಗೆ ಇಳಿದ ಬಿಳಿಯ ಪಟ್ಟೆ, ಒಂದೆರಡು ಕಾಲುಗಳ ಬಿಳುಪು, ಇವುಗಳನ್ನು ದಳದ ಒಂದೊಂದು ಕುದುರೆಗೂ ಬೇರೆಬೇರೆಯಾಗಿ ಕೊಟ್ಟಾಗ ಹನ್ನೆರಡು ಪ್ರತಿಮೆಗಳು ಹನ್ನೆರಡು ಪ್ರಾಣಿಗಳಾಗುತ್ತವೆ. ತರುಣ ಚಿತ್ರಕಾರ ಜೆರಿಕೋ 1812ರಲ್ಲಿ ಚಿತ್ರಿಸಿದ, ಈಗ ಪ್ಯಾರಿಸಿನ ಲೂವ್ರ್‌ನಲ್ಲಿರುವ, ನೆಪೋಲಿಯನ್ನನ ಖಾಸಾ ಪಡೆಯಾದ ಚಕ್ರವರ್ತಿ ಗಾರ್ಡಿನ ಮುನ್ನುಗ್ಗುವ ಅಧಿಕಾರಿಯ ಚಿತ್ರವನ್ನು ನೋಡಿದವರಿಗೆ ಸವಾರನಷ್ಟೇ ಅವನ ಕುದುರೆಯೂ ನೆನಪಿನಲ್ಲಿ ಉಳಿದಿರುತ್ತದೆ.

ಕೆಲಸದ ಕ್ರಮ ಹೀಗೆ. ಅಚ್ಚಿನಿಂದ ಬಂದ ಬೊಂಬೆಯ ಅಂಚಿನ ಗೆರೆಗಳನ್ನು ಚಾಕು ಅರಗಳಿಂದ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಬಣ್ಣ ಹಿಡಿಯುವಂತೆ ಪ್ರೈಮರ್ ಹಚ್ಚುತ್ತಾರೆ. ಸವಾರನನ್ನೂ ಕುದುರೆಯನ್ನೂ ಜೋಡಿಸದೆ ಬೇರೆಬೇರೆಯಾಗಿ ಬಣ್ಣ ಹಚ್ಚುವುದು ಲೇಸು, ಏಕೆಂದರೆ ಜೋಡಿಸಿದ ಮೇಲೆ ತಡಿಯ ಪಕ್ಕಕ್ಕೆ ಕುಂಚ ತಲುಪದು. ಕುದುರೆಗೆ ಪಳಗಿದ ಕೈಗಳು ಬಳಸುವ ಒಂದು ಉಪಾಯ ನನಗೆ ಬಹಳ ಮೆಚ್ಚು: ಮೊದಲು ತಿಳಿಯಾದ ಕಿತ್ತಳೆಗಂದಿನ ಅಕ್ರಿಲಿಕ್ ಬಣ್ಣವನ್ನು ಬಳಿದು ಒಣಗಿಸಿ, ಅದರ ಮೇಲೆ ಕಡುಗಂದಿನ ತೈಲವರ್ಣವನ್ನು ಮೈತುಂಬ ಸವರಿ, ಕೆಲವು ನಿಮಿಷ ಬಿಟ್ಟು ಸ್ಪಂಜಿನಿಂದ ಮೆಲ್ಲನೆ ಒರಸುವುದು. ಉಬ್ಬಿದ ಕಡೆಯ ತೈಲ ಸ್ಪಂಜಿಗೆ ಬರುತ್ತದೆ, ತಗ್ಗಿನಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಹೀಗೆ ನೆಳಲು ಬೆಳಕುಗಳೆರಡೂ ತಾವಾಗಿ ತಮ್ಮ ಸ್ಥಾನವನ್ನು ಸೇರಿ, ಕುದುರೆಯ ತೊಡೆ ಭುಜಗಳು ಕಣ್ಣೆದುರಿಗೇ ಮೈತುಂಬಿಕೊಳ್ಳುತ್ತವೆ. ಸವಾರನಿಗೆ ಈ ಸೌಲಭ್ಯವಿಲ್ಲ. ಮಡಿಕೆಯಲ್ಲಿ ಕಡು, ಮೇಲೆ ನಡುವಣ, ಅಂಚಿನಲ್ಲಿ ತಿಳಿ ಎಂದು ಒಂದೇ ಬಣ್ಣದ ಮೂರು ಛಾಯೆಗಳನ್ನು ಕೈಯಿಂದಲೇ ಇಡಬೇಕು, ಅದೂ ನಿಸರ್ಗದಲ್ಲಿರುವುದಕ್ಕಿಂತ ಹೆಚ್ಚು ಗಾಢವಾಗಿ. ಇಷ್ಟು ಸಣ್ಣ ವಸ್ತುವಿನ ಮೇಲೆ ಸಹಜವಾದ ಬೆಳಕು ಒಂದು ಮಾರು ದೂರದಿಂದ ಕಾಣುವಷ್ಟು ನೆಳಲನ್ನು ಕೆಡಹದು. ಕವಚಕ್ಕೆ ಮೊದಲು ಕಪ್ಪು, ಅದರ ಮೇಲೆ ಬಹುಪಾಲು ಒರಸಿದ ಒಣ ಕುಂಚದಿಂದ ಬೆಳ್ಳಿಬಣ್ಣ. ಆಟದಲ್ಲಿ ಕೈಯಿಂದ ಕೈಗೆ ಹೋಗುವ ವಸ್ತುವಾದುದರಿಂದ ಕೊನೆಗೆ ವಾರ್ನಿಷ್ ಅಗತ್ಯ. ಬೊಂಬೆ ನಿಲ್ಲುವ ಪೀಠಕ್ಕೆ ಅಂಟು ಸವರಿ ಮರಳನ್ನೂ ಕೃತಕ ಹುಲ್ಲನ್ನೂ ಉದುರಿಸಿದರೆ ಆಯಿತು.

ಕುದುರೆಯ ಬಣ್ಣದಲ್ಲಿ ಇತಿಹಾಸವೂ ಅಡಗಿದೆ. ಚಕ್ರವರ್ತಿ ಗಾರ್ಡಿನ ಗ್ರೆನೇಡಿಯರ್ ರಾವುತರಿಗೆ ಕರಿಯ ಕುದುರೆಗಳೇ ಆಗಬೇಕಾಗಿತ್ತು. ಬ್ರಿಟಿಷರ ಸ್ಕಾಟ್ಸ್ ಗ್ರೇಸ್ ದಳದ ಹೆಸರೇ ಅದರ ಕುದುರೆಗಳ ಬಣ್ಣವನ್ನು ಸಾರುತ್ತದೆ. ಕಹಳೆಗಾರನು ದೂರದಿಂದ ಕಾಣಬೇಕೆಂದು ಅವನಿಗೆ ಬೂದುಗುದುರೆಯನ್ನು ಕೊಡುವುದು ವಾಡಿಕೆಯಾಗಿತ್ತು. 1807ರ ಫೆಬ್ರವರಿಯಲ್ಲಿ ಎಯ್ಲಾವಿನ ಕದನದಲ್ಲಿ ಹಿಮದ ಮೇಲೆ ನೆಪೋಲಿಯನ್ನನ ರಾವುತ ಸೇನಾನಿ ಮ್ಯೂರಾ ನಡೆಸಿದ ಮಹಾ ಆಕ್ರಮಣದ ಕಾಲಕ್ಕೆ ಸೊಂಪಾಗಿದ್ದ ಫ್ರೆಂಚರ ಅಶ್ವಸಂಪತ್ತು 1812ರ ರಷ್ಯಾ ದಂಡಯಾತ್ರೆಯಲ್ಲಿ ಮೇವಿಲ್ಲದೆ, ಲಾಳವಿಲ್ಲದೆ, ಚಳಿಯಲ್ಲಿ ಮಣ್ಣುಪಾಲಾಯಿತು. ಮರುವರ್ಷ ನೆಪೋಲಿಯನ್ ಹೊಸ ಸೈನಿಕರನ್ನು ಸೇರಿಸಿಕೊಂಡನು, ಸಾಕಷ್ಟು ಕುದುರೆಗಳನ್ನು ಸೇರಿಸಲಾರದೆ ಹೋದನು. ಲುಟ್ಸೆನ್ ಬೌಟ್ಸೆನ್ ಕದನಗಳಲ್ಲಿ ಗೆದ್ದೂ, ಸೋತ ಶತ್ರುವನ್ನು ಬೆನ್ನಟ್ಟಿ ನಿರ್ಮೂಲ ಮಾಡಲು ಅವನಲ್ಲಿ ರಾವುತರು ಸಾಲದಾದರು. 1813ರ ಫ್ರೆಂಚ್ ದಳವನ್ನು ಚಿತ್ರಿಸುವವನು ಸಿಕ್ಕ ಸಿಕ್ಕ ಬಣ್ಣದ ಕುದುರೆಗಳನ್ನು ಬೆರೆಸಿ ನಿಲ್ಲಿಸಿದರೆ ಅದು ದೋಷವಲ್ಲ, ವಿವೇಕ.

ಈ ಯುಗದ ಒಂದು ಕೊಂಡಿ ನಮ್ಮ ನೆಲದಲ್ಲಿಯೂ ಇದೆ. ನೆಪೋಲಿಯನ್ ಮರೆಂಗೋವಿನಲ್ಲಿ ಗೆದ್ದ 1800ರಲ್ಲಿಯೇ, ಸೆಪ್ಟೆಂಬರ್ 10ರಂದು, ಮುಂದೆ ವಾಟರ್ಲೂವಿನಲ್ಲಿ ಅವನನ್ನು ಎದುರಿಸಲಿದ್ದ ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿಯು ಕೋನಗಲ್ಲಿನ ಬಯಲಿನಲ್ಲಿ ನಾಲ್ಕು ರೆಜಿಮೆಂಟುಗಳ ರಾವುತರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ, ಬ್ರಿಟಿಷರ ವಿರುದ್ಧ ದಂಡೆದ್ದಿದ್ದ ಧೋಂಡಿಯಾ ವಾಘನ ಮೇಲೆ ನುಗ್ಗಿದನು. ಧೋಂಡಿಯಾ ಅಲ್ಲಿಯೇ ಮಡಿದನು. ಮೂರು ವರ್ಷಗಳ ತರುವಾಯ ಅದೇ ವೆಲ್ಲೆಸ್ಲಿಯ ಮರಾಠಾ ದಂಡಯಾತ್ರೆಯಲ್ಲಿ ಮೈಸೂರಿನ ಸಿಲ್ಲೇದಾರ ರಾವುತರಿದ್ದರು. ಸಿಲ್ಲೇದಾರನೆಂದರೆ ತನ್ನ ಸ್ವಂತ ಕುದುರೆಯನ್ನೇ ತಂದು ದುಡಿಯುವ ಸವಾರನಾದುದರಿಂದ ಆ ದಳದ ಕುದುರೆಗಳು ನಾನಾ ವರ್ಣದವಾಗಿದ್ದಿರಬೇಕು. ಕುಂಚ ಹಿಡಿಯಲು ಮನಸ್ಸುಳ್ಳ ಕನ್ನಡದ ತರುಣ ತರುಣಿಯರು ಒಂದು ಕ್ಯುರಾಸಿಯರ್ ದಳದಲ್ಲಿ ಕೈ ಪಳಗಿಸಿಕೊಂಡ ಮೇಲೆ ಈ ಮೈಸೂರು ರಾವುತರನ್ನೂ ಮೇಜಿಗೆ ತರಬೇಕೆಂದು ನನ್ನ ಕೋರಿಕೆ.