ನೀರಿನೊಳಗೆ ಬಿಗಿಯುವ ಗಾರೆ

ಐಮಂಗಲದಂತಹ ಮಳೆ ಕಡಮೆಯಾದ ಸೀಮೆಯಲ್ಲಿ ಕೆರೆಯ ತೂಬಿನಿಂದಲೋ ತೋಟದ ಕಲ್ಲು ತೊಟ್ಟಿಯಿಂದಲೋ ಹಗಲಿರುಳು ಸೋರಿಹೋಗುವ ನೀರನ್ನು ಅಲ್ಪವೆಂದು ಎಣಿಸತಕ್ಕದ್ದಲ್ಲ. ನಿಮಿಷಕ್ಕೆ 15 ಲೀಟರಿನ ಕೊಡವೊಂದು ತುಂಬುವಷ್ಟು ಸೋರಿಕೆಯಿದ್ದರೆ ದಿನವೊಂದಕ್ಕೆ 21,600 ಲೀಟರ್ ನಷ್ಟವಾಗುತ್ತದೆ. ಬೇಸಗೆಯಲ್ಲಿ ತೆಂಗಿನ ಮರವೊಂದಕ್ಕೆ ಹನಿ ನೀರಾವರಿಯಿಂದ ದಿನಕ್ಕೆ 60 ಲೀಟರ್ ಕೊಡುವುದೆಂದಿಟ್ಟುಕೊಂಡರೂ ಇದು 360 ಮರಗಳ ನೀರು.

ಇಂತಹ ಸೋರಿಕೆಯನ್ನು ಕಂಡವರು ಸಾಮಾನ್ಯವಾಗಿ ಜೇಡಿಮಣ್ಣನ್ನೋ ಸುಣ್ಣವನ್ನೋ ಸಂದಿಗೆ ಮೆತ್ತುತ್ತಾರೆ; ಎರಡು ದಿನದಲ್ಲಿ ಅದು ಕರಗಿಹೋಗುತ್ತದೆ. ಆರುವುದು ಬೇರೆ, ಬಿಗಿಯುವುದು ಬೇರೆ ಎಂಬುದನ್ನು ಗಮನಿಸದಿರುವುದೇ ಇದಕ್ಕೆ ಕಾರಣ. ಮಣ್ಣು ಗಟ್ಟಿಯಾಗುವುದು ನೀರು ಆರಿದಾಗ. ಶುದ್ಧ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಕಲ್ಲಾಗತಕ್ಕದ್ದು. ನೀರಿನೊಳಗೆ ಆ ಗಾಳಿ ಅದಕ್ಕೆ ದೊರೆಯದು. ಆದರೆ ಸುಟ್ಟ ಜೇಡಿಯ ಪುಡಿ, ಎಂದರೆ ಸುರ್ಕಿ, ಸುಣ್ಣದೊಡನೆ ಸೇರಿದರೆ ಅವೆರಡೂ ನೀರಿನ ಸಹಾಯದಿಂದಲೇ ಒಂದಾಗಿ ಬಿಗಿಯುತ್ತವೆ. ರೋಮನರು ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರಸಿ ಸಮುದ್ರದೊಳಗೆ ಬಂದರುಗಳನ್ನು ಕಟ್ಟಿದುದು ಇದೇ ನ್ಯಾಯದಿಂದ. 1911ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆಯಲ್ಲಿಯೂ ಸುರ್ಕಿಯ ಗಾರೆಯನ್ನು ಬಳಸಿದರು. ಹಿರಿಯೂರಿನವರಿಗೆ ಇನ್ನೂ ಸಮೀಪದ ನಿದರ್ಶನ ಬೇಕಾದರೆ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವಿದೆ. ಸುಣ್ಣದ ಗಾರೆಯಿಂದ ಕಟ್ಟಿದ ಆ ಕಲ್ಲುಗೋಡೆ 1933ರಲ್ಲಿಯೂ 2022ರಲ್ಲಿಯೂ ಕೋಡಿ ಬೀಳುವಷ್ಟು ನೀರಿನ ಒತ್ತಡವನ್ನು ತಡೆದು ನಿಂತಿತು.

ಸುರ್ಕಿಯ ಗಾರೆಗೆ ಒಂದು ಕೊರತೆಯುಂಟು: ಅದು ಬಲಿಯುವುದಕ್ಕೆ ವಾರಗಳು ಬೇಕು. ನೀರನ್ನು ಇಳಿಸಬಹುದಾದ ತೊಟ್ಟಿಗೆ ಅದು ಉತ್ತಮ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಸುರ್ಕಿ ಸೇರಿಸಿ ಚೆನ್ನಾಗಿ ಅರೆದು ತುಂಬಿ, ಒದ್ದೆಗೋಣಿ ಹೊದಿಸಬೇಕು. ನೀರನ್ನು ಇಳಿಸಲಾಗದ ಕಡೆ ಈಗ ಅಂಗಡಿಗಳಲ್ಲಿ ದೊರೆಯುವ ಎಪಾಕ್ಸಿ ಮುದ್ದೆ ಒದಗುತ್ತದೆ. ಇದು ಎರಡು ಬಗೆಯ ಮೇಣದಂತಿರುವುದು. ಎರಡನ್ನೂ ಬಣ್ಣ ಒಂದಾಗುವವರೆಗೆ ನಾದಿದರೆ ಪರಸ್ಪರ ಕೂಡಿ ನೀರಿನಲ್ಲಿಯೇ ಗಟ್ಟಿಯಾಗುತ್ತದೆ.

ಈ ಮುದ್ದೆಯನ್ನು ಬಳಸುವ ಕ್ರಮವನ್ನು ಚೆನ್ನಾಗಿ ಬಲ್ಲವರು, ಆಶ್ಚರ್ಯವೆನಿಸಬಹುದು, ಗಾಜಿನ ತೊಟ್ಟಿಗಳಲ್ಲಿ ಉಪ್ಪುನೀರು ತುಂಬಿ ಹವಳವನ್ನು ಬೆಳೆಸುವ ಹವ್ಯಾಸಿಗಳು. ಹವಳದ ತುಂಡನ್ನು ನೀರಿನೊಳಗಿನ ಬಂಡೆಗೆ ಕೂಡಿಸಲು ಅವರು ಇದನ್ನೇ ಬಳಸುತ್ತಾರೆ. ತಾನಾಗಿ ಬೆಳೆದ ಹವಳದ ಹುಳು ಸುಣ್ಣವನ್ನು ಸ್ರವಿಸಿ ಬಂಡೆಯನ್ನು ಹಿಡಿಯುವುದಕ್ಕೆ ಬಹು ಕಾಲ ಹಿಡಿಯುತ್ತದೆ. ಅಷ್ಟರವರೆಗೆ ಮುದ್ದೆ ಅದನ್ನು ಅಲುಗದಂತೆ ಇರಿಸುತ್ತದೆ. (ನಮ್ಮ ದೇಶದ ಸಮುದ್ರದಿಂದ ದಿಬ್ಬ ಕಟ್ಟುವ ಹವಳಗಳನ್ನು ಕಿತ್ತು ತರುವುದು ವನ್ಯಜೀವಿ ಕಾನೂನಿನಂತೆ ಅಪರಾಧವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.) ಅವರ ಅನುಭವದ ಸಾರವೇನೆಂದರೆ, ಮುದ್ದೆ ಬಿಟ್ಟುಹೋಗುವುದು ಅದರ ದೋಷದಿಂದಲ್ಲ, ಕಲ್ಲಿನ ಮೇಲಿನ ಪಾಚಿಯಿಂದ. ಪಾಚಿಗೆ ಅಂಟಿದ ಮುದ್ದೆ ಪಾಚಿಯೊಡನೆಯೇ ಕಳಚಿಬರುತ್ತದೆ.

ಆದಕಾರಣ ತೊಟ್ಟಿಯ ಕೆಲಸದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಶ್ರಮ ಕಲ್ಲನ್ನು ಉಜ್ಜುವುದಕ್ಕೆ ಸಲ್ಲಬೇಕು. ಸಂದಿನೊಳಗಿನ ಸಡಿಲ ಗಾರೆಯನ್ನು ಉಳಿಯಿಂದ ತೆಗೆದು, ತಂತಿಯ ಬ್ರಷ್ಷಿನಿಂದ ಹಸಿ ಕಲ್ಲು ಕಾಣುವವರೆಗೆ ತಿಕ್ಕಬೇಕು. ಕೈಗೆ ರಬ್ಬರಿನ ಚೀಲ ಅವಶ್ಯಕ. ಹಸಿ ಮುದ್ದೆ ಚರ್ಮಕ್ಕೆ ಹಿತವಲ್ಲ. ಒಂದು ಸಲಕ್ಕೆ ನಿಂಬೆಹಣ್ಣಿನಷ್ಟು ಮಾತ್ರ ನಾದತಕ್ಕದ್ದು, ಏಕೆಂದರೆ ಕೆಲವೇ ನಿಮಿಷಗಳಲ್ಲಿ ಅದು ಬಿರುಸಾಗುತ್ತದೆ. ಮೇಲೆ ಬಳಿದರೆ ಪ್ರಯೋಜನವಿಲ್ಲ. ಸಂದಿನ ಆಳಕ್ಕೆ ಒತ್ತಿ, ಬಿಗಿಯುವವರೆಗೆ ಹೆಬ್ಬೆರಳಿನಿಂದ ಹಿಡಿದಿರಬೇಕು. ಪೂರ್ತಿ ಬಲಿಯಲು ಒಂದು ದಿನ ಬಿಡಬೇಕು. ಕುಡಿಯುವ ನೀರಿನ ತೊಟ್ಟಿಗಾದರೆ ಆ ಉಪಯೋಗಕ್ಕೆ ತಕ್ಕದ್ದೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೊಳ್ಳಬೇಕು. ಬೆಲೆ ಹೆಚ್ಚಾದುದರಿಂದ ಗೋಡೆಯುದ್ದದ ಬಿರುಕಿಗೆ ಇದನ್ನು ಬಳಸುವುದು ದುಡ್ಡನ್ನು ನೀರಿಗೆ ಹಾಕಿದಂತೆಯೇ ಸರಿ.

ಬಾವಿಯ ಕಲ್ಲುಕಟ್ಟಡದ ಸಂದುಗಳನ್ನು ಮಾತ್ರ ಮುಚ್ಚಲೇಬಾರದು. ಅಲ್ಲಿಂದ ಒಳಗೆ ಬರುವುದು ಸೆಲೆಯ ನೀರು.

ಕೆರೆಯ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ತೂಬಿನ ಬಳಿಯಾಗಲಿ ಏರಿಯ ಹಿಂಬದಿಯಲ್ಲಾಗಲಿ ಒಸರುವ ನೀರನ್ನು ಬಿಳಿಯ ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದು ಪ್ರಮಾಣ ಹೆಚ್ಚದಿದ್ದರೆ ಅದು ಬರಿಯ ಒಸರು. ಕೆಸರು ಬೆರೆತಿದ್ದರೆ ಏರಿಯ ಒಳಗಿನ ಮಣ್ಣು ಕೊಚ್ಚಿಕೊಂಡು ಹೋಗುತ್ತಿದೆಯೆಂದೇ ತಿಳಿಯಬೇಕು. ಅದನ್ನು ಹೊರಗಿನಿಂದ ಮುದ್ದೆಯಿಂದಾಗಲಿ ಗಾರೆಯಿಂದಾಗಲಿ ಮುಚ್ಚಿದರೆ ನೀರು ಇನ್ನೊಂದು ದಾರಿ ಹುಡುಕಿ ಏರಿಯನ್ನೇ ಒಡೆದೀತು. ಅಂತಹ ಸಂದರ್ಭದಲ್ಲಿ ಊರಿನ ಮುಖಂಡರು ಕೆಳಗಿನ ಗದ್ದೆಗಳವರಿಗೂ ಮನೆಗಳವರಿಗೂ ಅಂದೇ ತಿಳಿಸಿ, 40 ಹೆಕ್ಟೇರಿನೊಳಗಿನ ಅಚ್ಚುಕಟ್ಟಿನ ಕೆರೆಯಾದರೆ ಪಂಚಾಯತಿಯ ಇಂಜಿನಿಯರರಿಗೂ, ಅದಕ್ಕೆ ಮೇಲ್ಪಟ್ಟದ್ದಾದರೆ ಸಣ್ಣ ನೀರಾವರಿ ಇಲಾಖೆಗೂ ವರದಿ ಕಳುಹಿಸಬೇಕು. ಉತ್ತರ ಬರುವವರೆಗೆ ರಾತ್ರಿಯೂ ಏರಿಯ ಮೇಲೆ ಒಬ್ಬ ಕಾವಲುಗಾರನಿರಬೇಕು. ನೀರಿನ ಬಣ್ಣವನ್ನು ಅವನು ಗಂಟೆಗೊಮ್ಮೆ ನೋಡತಕ್ಕದ್ದು.