ಛಾಯಾಚಿತ್ರದಲ್ಲಿ ಮನಸ್ಸಿನ ಮಾತು

ಕ್ಯಾಮೆರಾ ಕಂಡದ್ದನ್ನೇ ಹೇಳುತ್ತದೆಂಬುದು ಲೋಕರೂಢಿ. ಆದರೆ ಕಲಾವಿದನಿಗೆ ಕಂಡದ್ದಷ್ಟೇ ಸಾಲದು. ಮನಸ್ಸಿನಲ್ಲಿ ನಿಂತದ್ದನ್ನೂ ಅವನು ಹೇಳಬೇಕಾಗುತ್ತದೆ. 1857ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬವರು ಸುಮಾರು 30 ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವನ್ನು ರಚಿಸಿದ್ದರು. ಅಂದು ಕತ್ತಲೆಕೋಣೆಯಲ್ಲಿ ನಡೆದ ಆ ಕೆಲಸ ಇಂದು ಕಂಪ್ಯೂಟರಿನಲ್ಲಿ ನಡೆಯುತ್ತಿದೆ.

2023ರಲ್ಲಿ ತೀರಿಕೊಂಡ ದಿಲ್ಲಿಯ ಕಲಾವಿದ ವಿವಾನ್ ಸುಂದರಂ ಇದಕ್ಕೊಂದು ಉತ್ತಮ ನಿದರ್ಶನ. ಪ್ರಸಿದ್ಧ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಇವರ ದೊಡ್ಡಮ್ಮ. ಆಕೆ ಗತಿಸಿದ್ದು 1941ರಲ್ಲಿ. ಇವರು ಹುಟ್ಟಿದ್ದು 1943ರಲ್ಲಿ. ಕಾಣದ ಆ ದೊಡ್ಡಮ್ಮನನ್ನು ಕಾಣುವ ಬಗೆ ಹೇಗೆ? ತಾತ ಉಮರಾವ್ ಸಿಂಗರು ತೆಗೆದಿದ್ದ ಮನೆಯ ಹಳೆಯ ಛಾಯಾಚಿತ್ರಗಳನ್ನು 2001–02ರಲ್ಲಿ ಕಂಪ್ಯೂಟರಿನಲ್ಲಿ ಬೆರೆಸಿ, ಬೇರೆ ಬೇರೆ ಕಾಲದ ಬಂಧುಗಳನ್ನು ಇವರು ಒಂದೇ ಚೌಕಟ್ಟಿನಲ್ಲಿ ಕೂಡಿಸಿದರು. ‘ರೀ-ಟೇಕ್ ಆಫ್ ಅಮೃತಾ’ ಎಂಬುದು ಆ ಚಿತ್ರಮಾಲೆಯ ಹೆಸರು.

ಇದು ಸುಳ್ಳಲ್ಲವೇ ಎಂದು ಕೇಳುವವರುಂಟು. ವಾರ್ತಾಚಿತ್ರದಲ್ಲಿ ಹೀಗೆ ಮಾಡಿದರೆ ಅದು ಮೋಸವೇ ಸರಿ; ಓದುಗನು ಅದನ್ನು ಸಾಕ್ಷಿಯೆಂದು ನಂಬುತ್ತಾನೆ. ವಿವಾನರಾದರೋ ಜೋಡಣೆಯನ್ನು ಮರೆಮಾಚದೆ, ಅದನ್ನೇ ತಮ್ಮ ಕಲೆಯೆಂದು ಮುಂದಿಟ್ಟರು.

ಊರಿನಲ್ಲಿ ತಾಯಿ, ಪರಸ್ಥಳದ ಹೋಟೆಲಿನ ಗಲ್ಲಾದಲ್ಲಿ ಮಗ. ಒಮ್ಮೆಯೂ ಎಲ್ಲರೂ ಕೂಡಿ ಒಂದು ಚಿತ್ರಕ್ಕೆ ನಿಲ್ಲದ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಈ ಕಲೆಯ ಮರ್ಮವನ್ನು ಅವರಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.