ಬಂಡೆ ಸವಾರಿಯೂ ಮೊಣಕೈ ನೋವೂ

ಚಿಂತಾಮಣಿಯಿಂದ ಹೊರಟು ಅಂಬಾಜಿದುರ್ಗದ ಬುಡಕ್ಕೆ ಬಂದವರಿಗೆ ಮೊದಲು ಕಾಣುವುದು ಕಲ್ಲು. ಆನೆಯ ಬೆನ್ನಿನಂತೆ ಬಾಗಿದ ಹಾಸುಬಂಡೆಗಳು, ಒಂದರ ಮೇಲೊಂದು ಕುಳಿತ ಗುಂಡುಗಳು, ಅವುಗಳ ನಡುವೆ ಕುರುಚಲು ಗಿಡಗಳು. 1791ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ವಶವಾದ ಈ ದುರ್ಗವನ್ನು ಹಿಂದೆ ಸೈನಿಕರು ಹತ್ತಿದರು, ದನ ಕಾಯುವವರು ಹತ್ತಿದರು. ಸಮೀಪದ ಕೈಲಾಸಗಿರಿಯ ಗುಹಾಲಯಗಳಿಗೆ ಬರುವ ಯಾತ್ರಿಕರು ಇಂದಿಗೂ ಈ ಕಲ್ಲುಗಳನ್ನು ಕಂಡು ಬೆರಗಾಗುತ್ತಾರೆ. ಆದರೆ ನನ್ನ ಅಣ್ಣನ ಮಗನಿಗೆ ಈ ಬಂಡೆಗಳಲ್ಲಿ ಕಂಡದ್ದು ಬೇರೆಯೇ. ಇಂಜಿನಿಯರಿಂಗ್ ಓದುತ್ತಿರುವ ಈ ಹುಡುಗ ರಜೆಗೆ ಊರಿಗೆ ಬಂದಾಗಲೆಲ್ಲ ತನ್ನ ದಪ್ಪ ಟೈರಿನ ಸೈಕಲ್ಲನ್ನೇರಿ ಬೆಟ್ಟದ ಬುಡದ ಕಲ್ಲುಗಳ ಮೇಲಿಂದ ನೆಗೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ಒಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮುದ್ದೆ, ಬಸ್ಸಾರು ಬಡಿಸಿದ್ದಾಗಿತ್ತು. ಹುಡುಗ ನೀರಿನ ಚೊಂಬನ್ನು ಎಡಗೈಯಿಂದ ಎತ್ತಿದ. ನಮ್ಮ ತಾಯಿಯವರ ಕಣ್ಣು ಅಲ್ಲಿಯೇ ನಿಂತಿತು.

“ಕೈಗೇನಾಗಿದೆಯೋ?”

“ಏನಿಲ್ಲ ಅಜ್ಜಿ.”

“ಏನಿಲ್ಲದಿದ್ದರೆ ಬಲಗೈ ಯಾಕೆ ಮಡಿಲಲ್ಲಿಟ್ಟುಕೊಂಡಿದ್ದೀಯ?”

ವಿಚಾರಿಸಲಾಗಿ ಮೂರು ವಾರಗಳಿಂದ ಬಲ ಮೊಣಕೈಯ ಹೊರಬದಿಯಲ್ಲಿ ನೋವಿದ್ದುದು ತಿಳಿಯಿತು. ಬಾಗಿಲ ಚಿಲಕ ತಿರುಗಿಸಿದರೆ, ಬಟ್ಟೆ ಹಿಂಡಿದರೆ, ಪುಸ್ತಕದ ಚೀಲ ಎತ್ತಿದರೆ ಸೂಜಿಯಿಂದ ಚುಚ್ಚಿದಂತಾಗುತ್ತಿತ್ತಂತೆ. ಹೇಳಿದರೆ ಸೈಕಲ್ಲನ್ನು ಮಾರಿಬಿಡುತ್ತಾರೆಂಬ ಭಯದಿಂದ ಹೇಳಿರಲಿಲ್ಲ. ನೋವನ್ನು ಮರೆಮಾಡಿ ಪ್ರತಿದಿನವೂ ನೆಗೆಯುತ್ತಲೇ ಇದ್ದ. ನನ್ನ ಅಣ್ಣ ಕೋಪಗೊಂಡು “ನಾಳೆಯೇ ಅದನ್ನು ಮಾರಿಬಿಡುತ್ತೇನೆ” ಎಂದರು. ತಾಯಿಯವರು ಮಾತ್ರ ಮೊಮ್ಮಗನ ಮೊಣಕೈಯನ್ನು ಮುಟ್ಟಿ ನೋಡಿ, “ನನಗೂ ಇದೇ ಜಾಗದಲ್ಲಿ ಬಂದಿತ್ತು” ಎಂದರು. ಹತ್ತಾರು ಜನರ ಮನೆಯಲ್ಲಿ ವರ್ಷಗಟ್ಟಲೆ ಮುದ್ದೆ ಕೋಲು ತಿರುವಿದ ಕೈ ಅದು.

ಮರುದಿನ ಮೂಳೆ ವೈದ್ಯರು ಪರೀಕ್ಷಿಸಿ ಹೇಳಿದ್ದೂ ಅದನ್ನೇ. ಅಜ್ಜಿಗೆ ಬಂದಿದ್ದೂ ಮೊಮ್ಮಗನಿಗೆ ಬಂದಿರುವುದೂ ಒಂದೇ ಬಾಧೆ. ಈ ಲೇಖನ ಬರೆಯಲು ಪ್ರೇರಣೆಯಾದುದು ಆ ಮಾತು.

ಏನಿದು ಟ್ರಯಲ್ಸ್?

ಬಂಡೆ, ಮರದ ದಿಮ್ಮಿ, ಹಳ್ಳದ ಕಲ್ಲು ಮುಂತಾದ ಅಡೆತಡೆಗಳನ್ನು ಕಾಲು ನೆಲಕ್ಕೆ ಊರದೆ ದಾಟುವ ಸವಾರಿಗೆ ‘ಟ್ರಯಲ್ಸ್’ ಎಂದು ಹೆಸರು. ಇದು ವೇಗದ ಪಂದ್ಯವಲ್ಲ, ಸಮತೋಲನದ ಪರೀಕ್ಷೆ. ಕಾಲೂರಿದರೆ ದಂಡದ ಅಂಕ ಬೀಳುತ್ತದೆ. ಮೋಟಾರು ಬೈಕಿನಲ್ಲಿಯೂ ಸೈಕಲ್ಲಿನಲ್ಲಿಯೂ ಇದನ್ನು ಆಡುತ್ತಾರೆ. ಸ್ಪೇನ್ ದೇಶದ ಟೋನಿ ಬೌ ಎಂಬಾತ ಮೋಟಾರು ಬೈಕಿನ ಟ್ರಯಲ್ಸ್‌ನಲ್ಲಿ 2007ರಿಂದ 2024ರವರೆಗೆ ಒಂದು ವರ್ಷವೂ ತಪ್ಪದೆ ವಿಶ್ವ ಪ್ರಶಸ್ತಿ ಗೆದ್ದಿದ್ದಾನೆ.

ನಮ್ಮ ನಾಡಿನ ತರುಣರಿಗೂ ಕಚ್ಚಾ ನೆಲದ ಸವಾರಿ ಅಪರಿಚಿತವಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಡಾಕರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ನೆರೆಯ ಕೋಲಾರ ಜಿಲ್ಲೆಯಲ್ಲಿ ಇಂಥ ಸವಾರಿಯನ್ನು ಕಲಿಸುವ ಮೈದಾನವೊಂದನ್ನೂ ಅವರು ಸ್ಥಾಪಿಸಿದರು. ಆದಕಾರಣ ನಮ್ಮ ಮಕ್ಕಳು ಬಂಡೆಯ ಕಡೆ ಕಣ್ಣು ಹಾಯಿಸಿದರೆ ಅಚ್ಚರಿಪಡಬೇಕಾಗಿಲ್ಲ. ಅವರು ಹೇಗೆ ಹತ್ತುತ್ತಾರೆ ಎಂಬುದಕ್ಕಿಂತ ಹೇಗೆ ಇಳಿಯುತ್ತಾರೆ ಎಂಬುದನ್ನು ಹಿರಿಯರು ಗಮನಿಸಬೇಕು.

ಮೊಣಕೈಯಲ್ಲಿ ನಡೆಯುವುದೇನು?

ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬೆರಳು ಮಡಿಸುವ ಮಾಂಸಖಂಡಗಳಷ್ಟೇ ದುಡಿಯುವುದಿಲ್ಲ. ಮಣಿಕಟ್ಟು ಒಳಕ್ಕೆ ಕುಸಿಯದಂತೆ ತಡೆಯಲು ಮುಂದೋಳಿನ ಹಿಂಬದಿಯ ಮಾಂಸಖಂಡಗಳೂ ಅಷ್ಟೇ ಬಿಗಿಯಾಗುತ್ತವೆ. ಇವುಗಳಲ್ಲಿ ಹಲವು ಒಂದು ಸ್ನಾಯುರಜ್ಜುವಿನ ಮೂಲಕ ಮೊಣಕೈಯ ಹೊರಬದಿಯ ಮೂಳೆಯ ಗುಬ್ಬಿಗೆ ಅಂಟಿಕೊಂಡಿವೆ. ಪದೇ ಪದೇ ಬಿಗಿ ಹಿಡಿತ, ಅದರ ಮೇಲೆ ಜಗ್ಗಾಟ ಬಿದ್ದಾಗ ಆ ರಜ್ಜುವಿನ ಎಳೆಗಳು ಸವೆಯುತ್ತವೆ. ಸವೆದದ್ದು ಕೂಡಿಕೊಳ್ಳುವಷ್ಟು ವಿಶ್ರಾಂತಿ ದೊರೆಯದಿದ್ದರೆ ನೋವು ನೆಲೆ ನಿಲ್ಲುತ್ತದೆ. ಒಳಬದಿಯ ಗುಬ್ಬಿಗೆ ಬೆರಳು ಮಡಿಸುವ ಮಾಂಸಖಂಡಗಳು ಅಂಟಿರುವುದರಿಂದ ಕೆಲವರಿಗೆ ಅಲ್ಲಿಯೂ ಇಂಥದೇ ನೋವು ಬರುತ್ತದೆ.

ಜನ ಇದನ್ನು ‘ಟೆನಿಸ್ ಎಲ್ಬೋ’ ಎನ್ನುತ್ತಾರೆ. ಆದರೆ 1873ರಲ್ಲಿ ಜರ್ಮನಿಯ ವೈದ್ಯ ರುಂಗೆ ಇದನ್ನು ಮೊದಲು ವರ್ಣಿಸಿದ್ದು ಆಟಗಾರರಲ್ಲಿ ಅಲ್ಲ, ಬರೆಯುವವರ ಕೈಯಲ್ಲಿ. ಟೆನಿಸ್ಸಿನ ಹೆಸರು ಅಂಟಿಕೊಂಡದ್ದು ಅನಂತರ. ಬಟ್ಟೆ ಹಿಂಡುವ ಗೃಹಿಣಿ, ಸುತ್ತಿಗೆ ಹಿಡಿಯುವ ಕಲ್ಲುಕುಟಿಗ, ದಿನವಿಡೀ ಟೊಮೇಟೊ ಪೆಟ್ಟಿಗೆ ಎತ್ತುವ ಕೂಲಿಕಾರ ಯಾರಿಗಾದರೂ ಇದು ಬರಬಹುದು. ಬಂಡೆ ಸವಾರನಲ್ಲಿ ಬಿಗಿ ಹಿಡಿತದ ಜೊತೆಗೆ ನೆಲಕ್ಕೆ ಬೀಳುವ ಪೆಟ್ಟೂ ಸೇರುತ್ತದೆ, ಅಷ್ಟೇ ವ್ಯತ್ಯಾಸ.

ಇಳಿಯುವ ಕ್ಷಣದ ಲೆಕ್ಕ

ಒಂದು ಮೀಟರ್ ಎತ್ತರದ ಕಲ್ಲಿನಿಂದ ಕೆಳಗೆ ಬಂದವನು ನೆಲ ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್. ಆ ವೇಗವನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. 60 ಕಿಲೋ ತೂಕದ ಹುಡುಗನ ದೇಹ ಕೈಕಾಲುಗಳನ್ನು ಸೆಟೆಸಿಕೊಂಡು ಕೇವಲ 10 ಸೆಂಟಿಮೀಟರಿನೊಳಗೆ ನಿಂತರೆ, ಅವನ ಕೈಕಾಲುಗಳು ಸರಾಸರಿ 660 ಕಿಲೋ ಭಾರಕ್ಕೆ ಸಮನಾದ ಬಲವನ್ನು ತಡೆಯಬೇಕು. ಅದೇ ಹುಡುಗ ಮಂಡಿ, ಸೊಂಟ, ಮೊಣಕೈಗಳನ್ನು ಮಡಿಸುತ್ತ 50 ಸೆಂಟಿಮೀಟರಿನಲ್ಲಿ ನಿಂತರೆ ಆ ಬಲ 180 ಕಿಲೋಗೆ ಇಳಿಯುತ್ತದೆ. ಎತ್ತರ ಬದಲಾಗಿಲ್ಲ, ಹುಡುಗನೂ ಬದಲಾಗಿಲ್ಲ. ಇಳಿದ ಬಗೆ ಬದಲಾಗಿದೆ.

ಅಟ್ಟದಿಂದ ಮೂಟೆ ಇಳಿಸಿಕೊಳ್ಳುವವನನ್ನು ನೋಡಿ. ಕೈಗಳನ್ನು ನೀಡಿ ಹಿಡಿಯುತ್ತಾನೆ, ಹಿಡಿದೊಡನೆ ಮಂಡಿ ಬಗ್ಗಿಸಿ ಅದರೊಡನೆ ತಾನೂ ಇಳಿಯುತ್ತಾನೆ. ಬಂಡೆ ಸವಾರನೂ ಕಲಿಯಬೇಕಾದ ಪಾಠ ಇದೇ.

ಸರಿಯಾಗಿ ಇಳಿಯುವ ಬಗೆ

ಮೊದಲನೆಯದಾಗಿ, ಭಾರ ಹೊರಬೇಕಾದುದು ಕಾಲುಗಳೇ ಹೊರತು ಕೈಗಳಲ್ಲ. ತೊಡೆಯ ಮಾಂಸಖಂಡಗಳಿಗಿರುವ ಶಕ್ತಿ ಮುಂದೋಳಿಗಿಲ್ಲ. ಸವಾರ ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿರಿಸಿ, ಆಸನದಿಂದ ಎದ್ದು ನಿಂತು, ಸೊಂಟವನ್ನು ತುಸು ಹಿಂದಕ್ಕೆ ಸರಿಸಿಕೊಳ್ಳಬೇಕು. ಸಮತಟ್ಟಾದ ನೆಲಕ್ಕೆ ಇಳಿಯುವಾಗ ಹಿಂದಿನ ಚಕ್ರ ಮೊದಲು ಮುಟ್ಟಿದರೆ ಪೆಟ್ಟಿನ ಬಹುಭಾಗವನ್ನು ಕಾಲುಗಳು ನುಂಗುತ್ತವೆ. ಮುಂದಿನ ಚಕ್ರ ಮೊದಲು ಬಿದ್ದರೆ ಅದು ನೇರವಾಗಿ ಹ್ಯಾಂಡಲಿಗೆ, ಅಲ್ಲಿಂದ ಮೊಣಕೈಗೆ ಏರುತ್ತದೆ. ಇಳಿಜಾರಿಗೆ ಇಳಿಯುವುದಾದರೆ ಇಳಿಜಾರಿನ ಓರೆಗೆ ಹೊಂದಿಕೊಂಡು ಎರಡೂ ಚಕ್ರಗಳು ಒಟ್ಟಿಗೆ ಮುಟ್ಟಬೇಕು.

ಎರಡನೆಯದಾಗಿ, ನೆಲ ಮುಟ್ಟುವ ಮುನ್ನ ಕೈಕಾಲುಗಳು ಮುಕ್ಕಾಲು ಪಾಲು ನೀಡಿರಬೇಕು, ಆದರೆ ಸೆಟೆದಿರಬಾರದು. ಚಕ್ರ ಮುಟ್ಟಿದೊಡನೆ ಅವು ಮಡಿಯುತ್ತ ಹೋಗಬೇಕು. ಮೊದಲೇ ಪೂರ್ತಿ ಮಡಿಸಿಕೊಂಡವನಿಗೆ ಮತ್ತೆ ಮಡಿಸಲು ಎಡೆಯಿರುವುದಿಲ್ಲ. ಪೂರ್ತಿ ನೀಡಿ ಸೆಟೆದವನ ಪೆಟ್ಟು ನೇರವಾಗಿ ಕೀಲಿಗೆ ಹೋಗುತ್ತದೆ. ಮೊಣಕೈಗಳು ಪಕ್ಕೆಗೆ ಅಂಟದೆ ಹೊರಕ್ಕೆ ಬಾಗಿರಲಿ.

ಮೂರನೆಯದಾಗಿ, ಹಿಡಿತ. ಭಯಗೊಂಡ ಸವಾರ ಹ್ಯಾಂಡಲನ್ನು ಹಿಂಡುತ್ತಾನೆ. ರಜ್ಜು ಅದಾಗಲೇ ಬಿಗಿದಿರುವಾಗ ಮೇಲಿಂದ ಪೆಟ್ಟು ಬೀಳುತ್ತದೆ. ಗಾಳಿಯಲ್ಲಿರುವಾಗ ಹಿಡಿತ ಹಗುರವಾಗಿರಲಿ, ಮುಟ್ಟುವಾಗ ಕೈ ಜಾರದಷ್ಟು ಮಾತ್ರ ಬಿಗಿಯಲಿ. ಬ್ರೇಕಿಗೆ ಒಂದು ಬೆರಳು ಸಾಕು. ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗದೆ ಮುಂದೋಳಿನ ನೇರದಲ್ಲಿಯೇ ಇರಬೇಕು.

ನಾಲ್ಕನೆಯದಾಗಿ, ಮಿತಿ. ಗೇಣುದ್ದದ ಕಲ್ಲಿನಲ್ಲಿ ಸದ್ದಿಲ್ಲದೆ ಇಳಿಯಲು ಬಂದ ಮೇಲೆಯೇ ಮಂಡಿಯೆತ್ತರಕ್ಕೆ ಹೋಗಬೇಕು. ಧಡ್ ಎಂಬ ಸದ್ದು ಕೇಳಿದರೆ ಇಳಿದದ್ದು ತಪ್ಪೆಂದು ತಿಳಿಯಬೇಕು. ಮುಂದೋಳು ದಣಿದು ಕಲ್ಲಿನಂತಾದಾಗ ಅಂದಿನ ಅಭ್ಯಾಸ ಮುಗಿಯಿತು. “ಇನ್ನೊಂದೇ ಸಲ” ಎಂಬ ಆಸೆಯಲ್ಲಿಯೇ ಹೆಚ್ಚಿನ ಪೆಟ್ಟುಗಳಾಗುತ್ತವೆ. ಪ್ರಾರಂಭದಲ್ಲಿ ಹತ್ತು ನಿಮಿಷ ಸಮನೆಲದಲ್ಲಿ ತುಳಿದು, ಭುಜ ಮಣಿಕಟ್ಟುಗಳನ್ನು ಆಡಿಸಿ ಮೈ ಬಿಸಿ ಮಾಡಿಕೊಳ್ಳುವುದನ್ನು ಮರೆಯಬಾರದು.

ವಾಹನವನ್ನೂ ಗಮನಿಸಬೇಕು. ಬ್ರೇಕ್ ಲಿವರುಗಳು ತೀರ ಮೇಲಕ್ಕಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಸವಾರ ನಿಂತಿರುವಾಗ ಮುಂದೋಳಿನ ನೇರಕ್ಕೆ ಲಿವರ್ ಬರುವಂತೆ ತಿರುಗಿಸಿಕೊಳ್ಳಬೇಕು. ಹ್ಯಾಂಡಲಿನ ರಬ್ಬರು ಹಿಡಿ ಸವೆದು ತೆಳುವಾಗಿದ್ದರೆ ಹೆಚ್ಚು ಹಿಂಡಬೇಕಾಗುತ್ತದೆ, ಅದನ್ನು ಬದಲಿಸಬೇಕು. ಟೈರಿನಲ್ಲಿ ಗಾಳಿ ಗಟ್ಟಿಯಾಗಿ ತುಂಬಿದ್ದರೂ ಪೆಟ್ಟು ಹೆಚ್ಚು. ಟ್ರಯಲ್ಸ್ ಮೋಟಾರು ಬೈಕುಗಳಲ್ಲಿ ಚದರ ಅಂಗುಲಕ್ಕೆ ಐದಾರು ಪೌಂಡಿನಷ್ಟೇ ಗಾಳಿ ಇಡುತ್ತಾರೆ. ರಸ್ತೆಯ ವಾಹನಕ್ಕೆ ಈ ಅಳತೆ ಖಂಡಿತ ಸಲ್ಲದು. ಮೊಣಕೈಗೆ ಕಟ್ಟುವ ಗಟ್ಟಿ ಕವಚವು ಬಿದ್ದಾಗ ತರಚುಗಾಯವನ್ನು ತಡೆಯುತ್ತದೆ, ರಜ್ಜುವಿನ ಸವೆತವನ್ನು ತಡೆಯಲಾರದು.

ನೋವು ಬಂದ ಮೇಲೆ

ನಮ್ಮ ಹುಡುಗನಿಗೆ ವೈದ್ಯರು ಕೈಯನ್ನು ಜೋಳಿಗೆಯಲ್ಲಿ ಕಟ್ಟಿಡಲು ಹೇಳಲಿಲ್ಲ. ನೆಗೆತವನ್ನು ಕೆಲವು ವಾರ ನಿಲ್ಲಿಸಿ, ನೋವು ತರುವ ಬಿಗಿ ಹಿಡಿತವನ್ನು ತಪ್ಪಿಸಿ, ಉಳಿದ ಕೆಲಸಗಳನ್ನು ಮಾಡಿಕೊಂಡಿರಲು ತಿಳಿಸಿದರು. ಭಾರದ ವಸ್ತುವನ್ನು ಅಂಗೈ ಮೇಲ್ಮುಖವಾಗಿರಿಸಿ ಎತ್ತಿದರೆ ನೋವು ಕಡಿಮೆ. ಜೊತೆಗೆ ಒಂದು ಸರಳ ವ್ಯಾಯಾಮವನ್ನು ಹೇಳಿಕೊಟ್ಟರು. ಮುಂದೋಳನ್ನು ಮೇಜಿನ ಮೇಲೆ ಊರಿ, ಅಂಗೈ ಕೆಳಮುಖವಾಗಿ ಮೇಜಿನ ಅಂಚಿನಿಂದ ಹೊರಗೆ ಚಾಚಿ, ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಿಡಿಯಬೇಕು. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ಆ ಕೈ ಬಿಟ್ಟು, ಐದು ಎಣಿಸುವಷ್ಟು ನಿಧಾನವಾಗಿ ಇಳಿಸಬೇಕು. ಹತ್ತರಿಂದ ಹದಿನೈದು ಬಾರಿಯಂತೆ ಮೂರು ಸುತ್ತು. ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ, ಮರುದಿನಕ್ಕೆ ನೋವು ಹೆಚ್ಚಿದರೆ ಭಾರ ಕಡಿಮೆ ಮಾಡಬೇಕು. ಎರಡು ಮೂರು ತಿಂಗಳ ತಾಳ್ಮೆ ಬೇಕು. ಬಹುಮಂದಿಗೆ ಒಂದು ವರ್ಷದೊಳಗೆ ಪೂರ್ಣ ಗುಣ ಕಾಣುತ್ತದೆ.

ಬೇಗ ವಾಸಿಯಾಗಲೆಂದು ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೇಳಿ ಪಡೆಯುವವರಿದ್ದಾರೆ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ 165 ರೋಗಿಗಳನ್ನು ಒಂದು ವರ್ಷ ಗಮನಿಸಲಾಯಿತು. ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 54 ಮಂದಿಗೆ ನೋವು ಮರುಕಳಿಸಿದರೆ, ಔಷಧವಿಲ್ಲದ ಬರಿಯ ಚುಚ್ಚುಮದ್ದು ಪಡೆದವರಲ್ಲಿ ಮರುಕಳಿಸಿದ್ದು ನೂರಕ್ಕೆ 12 ಮಂದಿಗೆ ಮಾತ್ರ. ಮೊದಲ ವಾರಗಳ ಸುಖಕ್ಕೆ ಅನಂತರ ಬೆಲೆ ತೆರಬೇಕಾಗುತ್ತದೆಂಬುದು ಇದರಿಂದ ಸ್ಪಷ್ಟ.

ಒಂದು ಎಚ್ಚರಿಕೆಯ ಮಾತು. ಬಿದ್ದು ಪೆಟ್ಟಾದ ಮೇಲೆ ಮೊಣಕೈ ಊದಿಕೊಂಡರೆ, ಕೈಯನ್ನು ಪೂರ್ತಿ ನೀಡಲಾಗದಿದ್ದರೆ, ಕಿರುಬೆರಳು ಉಂಗುರಬೆರಳುಗಳಲ್ಲಿ ಜೋಮು ಹಿಡಿದರೆ ಅದು ಸವೆತದ ನೋವೆಂದು ಉಪೇಕ್ಷಿಸಬಾರದು. ಮೂಳೆ ಬಿರುಕು ಬಿಟ್ಟಿರಬಹುದು, ನರಕ್ಕೆ ಪೆಟ್ಟಾಗಿರಬಹುದು. ತಡಮಾಡದೆ ಎಕ್ಸ್-ರೇ ತೆಗೆಸಬೇಕು. ಇಂಥ ಮೊಣಕೈಗೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಎಳೆದು ಸರಿಮಾಡಿಸುವುದು ನಮ್ಮ ಕಡೆಯ ಹಳೆಯ ರೂಢಿ. ಹಾಗೆ ಮಾಡಿದರೆ ಮಾಂಸಖಂಡದಲ್ಲಿಯೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳುವ ಅಪಾಯವಿದೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಂತೂ ಮೂಳೆಯ ತುದಿಗಳು ಇನ್ನೂ ಎಳೆಯವಾಗಿರುವುದರಿಂದ ಮೊಣಕೈ ನೋವನ್ನು ವೈದ್ಯರಿಗೆ ತೋರಿಸದೆ ಬಿಡಕೂಡದು.

ತಂದೆ-ತಾಯಿಗಳಿಗೆ

ಸೈಕಲ್ ಟ್ರಯಲ್ಸ್ ಹುಟ್ಟಿದ್ದು ಸ್ಪೇನಿನ ಕ್ಯಾಟಲೋನಿಯದಲ್ಲಿ. ಪೆರೆ ಪಿ ಎಂಬ ಮೋಟಾರು ಬೈಕ್ ಸವಾರ ತನ್ನ ಮಗ ಓಟ್ ಪಿ ಮೋಟಾರು ಹಿಡಿಯುವ ಮುನ್ನ ಸಮತೋಲನ ಕಲಿಯಲೆಂದು ಸೈಕಲ್ಲಿನ ಮೇಲೆ ಅಭ್ಯಾಸ ಮಾಡಿಸಿದ. ಆ ಮಗ ಮುಂದೆ ಸೈಕಲ್ ಟ್ರಯಲ್ಸ್‌ನಲ್ಲಿಯೇ ವಿಶ್ವವಿಜೇತನಾದ. ಮಗನ ಉತ್ಸಾಹವನ್ನು ಅಡಗಿಸದೆ, ಅದನ್ನು ಹಂತಹಂತವಾಗಿ ಕಲಿಸಿದ ಆ ತಂದೆಯ ನಡೆ ನಮಗೂ ಅನುಕರಣೀಯ.

ಹಾಗೆಂದು ಎಲ್ಲಕ್ಕೂ ಒಪ್ಪಿಗೆ ಕೊಡಬೇಕೆಂದಲ್ಲ. ಹದಿನೆಂಟು ತುಂಬದ ಮಗನ ಕೈಗೆ ಗೇರಿನ ಬೈಕು ಕೊಟ್ಟು ರಸ್ತೆಗೆ ಬಿಟ್ಟರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು. ದೇವಾಲಯದ ಆವರಣ, ಹಳೆಯ ಕೋಟೆ, ಅರಣ್ಯಭೂಮಿ ಇವು ನೆಗೆತದ ಮೈದಾನಗಳಲ್ಲ. ಹೆಲ್ಮೆಟ್ ಇಲ್ಲದೆ, ಜೊತೆಗಾರನಿಲ್ಲದೆ ಬಂಡೆಗೆ ಹೋಗಕೂಡದೆಂಬ ನಿಯಮವನ್ನು ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು, ನೋವಾದಾಗ ಬಂದು ಹೇಳುವ ಧೈರ್ಯ ಮಕ್ಕಳಿಗಿರಬೇಕು. ನಮ್ಮ ಹುಡುಗ ಮೊದಲ ವಾರವೇ ಹೇಳಿದ್ದರೆ ಅಷ್ಟು ದಿನ ಚೊಂಬನ್ನು ಎಡಗೈಯಿಂದ ಎತ್ತಬೇಕಾಗಿರಲಿಲ್ಲ. ಅವನ ಬಾಯಿ ಕಟ್ಟಿಸಿದ್ದು ನಮ್ಮ ಕೋಪದ ಭಯ.

ಸೈಕಲ್ಲನ್ನು ಮಾರಲಿಲ್ಲ. ಮೂರು ತಿಂಗಳ ನಂತರ ಒಂದು ಭಾನುವಾರ ಬೆಳಿಗ್ಗೆ ಅಣ್ಣ ತಾವೇ ಮಗನೊಡನೆ ಬೆಟ್ಟದ ಬುಡಕ್ಕೆ ಹೋದರು. ಹುಡುಗ ಗೇಣೆತ್ತರದ ಕಲ್ಲಿನಿಂದ ಮತ್ತೆ ಮೊದಲಿಂದ ಪ್ರಾರಂಭಿಸಿದ. ಒಂದು ಸಲ ಚಕ್ರ ಧಡ್ ಎಂದಿತು. “ಸದ್ದಾಯಿತು, ಇನ್ನೊಮ್ಮೆ ಮಾಡು” ಎಂದರಂತೆ ಅಣ್ಣ. ಈ ಸಂಗತಿಯನ್ನು ಕೇಳಿದ ನಮ್ಮ ತಾಯಿಯವರು ಏನೂ ಹೇಳಲಿಲ್ಲ. ಆ ರಾತ್ರಿ ಮುದ್ದೆ ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು, “ಕೈ ಗಟ್ಟಿಯಾಗಿದೆಯೋ ನೋಡೋಣ, ತಿರುವು” ಎಂದರು.